ಪಂದಿ ಕರಿಯ ಕಪ್ಪು ಬಣ್ಣ ಬಾಟಲಿಯಲ್ಲಿಲ್ಲ

ನಮ್ಮ ಕೊಡಗಿನ ಹಂದಿ ಮಾಂಸದ ಪಂದಿ ಕರಿ ಕಪ್ಪಾಗಲಿ ಅಂತ ಅದಕ್ಕೆ ಸೋಯಾ ಸಾಸ್ ಸುರಿಯುವುದನ್ನು ಈ ಸಲ ಕಣ್ಣಾರೆ ನೋಡಿದೆ. ಬೇರೆ ಯಾರೂ ಅಲ್ಲ, ನಮ್ಮ ಮನೆ ಹುಡುಗಿಯೇ. ಕೈಲ್ ಮುಹೂರ್ತಕ್ಕೆ, ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ರಜೆ ಹಾಕಿ ಬೆಂಗಳೂರಿನಿಂದ ಬಂದಿದ್ದಳು. "ದೊಡ್ಡಮ್ಮ, ಕಾಚಂಪುಳಿ ಎಷ್ಟು ಹಾಕಿದ್ರೂ ಬಣ್ಣ ಬರ್ತಿಲ್ಲ" ಅಂತ ದೂರು ಬೇರೆ. ಕಾಚಂಪುಳಿ ಅಂದರೆ ನಮ್ಮ ಕಡೆಯ ಕಪ್ಪು ಹಣ್ಣಿನ ಹುಳಿ. ಬಣ್ಣಕ್ಕೆ ಅಂತ ಅದನ್ನು ಸುರಿದರೆ ತಿನ್ನುವವರ ಹಲ್ಲು ಜುಮ್ಮೆನ್ನುತ್ತದೆ, ಅಷ್ಟೇ. ಕಪ್ಪು ಮುಖ್ಯವಾಗಿ ಬರುವುದು ಮಸಾಲೆ ಹುರಿಯುವುದರಲ್ಲಿ. ಆ ತಾಳ್ಮೆ ಈಗ ಯಾರಿಗಿದೆ?

ಇದನ್ನು ಸರಿಯಾಗಿ ನೋಡಬೇಕಿದ್ದರೆ ನಮ್ಮ ಬೀದಿಯ ಹೋಟೆಲಿನಲ್ಲಿ ನೋಡಬೇಕಿತ್ತು. ಮಡಿಕೇರಿಯಲ್ಲಿ ನಮ್ಮ ಮನೆಯಿಂದ ಇಳಿಜಾರಿನಲ್ಲಿ ಸ್ವಲ್ಪ ಕೆಳಗೆ ಇತ್ತು. ನಾಲ್ಕೈದು ಮೇಜು, ಹೊಗೆ ಹಿಡಿದ ಗೋಡೆ. ನಡೆಸುತ್ತಿದ್ದವರನ್ನು ಊರೆಲ್ಲ ಅಕ್ಕ ಅನ್ನುತ್ತಿತ್ತು. ಬೆಳಿಗ್ಗೆ ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ ಅನ್ನುವ ಚಟ್ನಿ, ಬೆಲ್ಲದ ಕಾಫಿ. ಮಳೆಗಾಲದಲ್ಲಿ ಎಳೆ ಬಿದಿರಿನ ಬೈಂಬಳೆ ಕರಿ. ಅಣಬೆ ಎದ್ದರೆ ಕುಮ್ಮು ಕರಿ. ಶುಕ್ರವಾರ ಸಂತೆಗೆ ಬಂದವರೆಲ್ಲ ಮಧ್ಯಾಹ್ನ ಅಲ್ಲೇ ಪಂದಿ ಕರಿ, ಅಕ್ಕಿ ತರಿಯ ಉಂಡೆ ಕಡಂಬುಟ್ಟು ತಿಂದು ಬಸ್ಸು ಹತ್ತುತ್ತಿದ್ದರು. ಕೋಳಿ ಸಾರಿನ ಜೊತೆ ಅಕ್ಕಿ ಶಾವಿಗೆ ನೂಪುಟ್ಟೂ ಇರುತ್ತಿತ್ತು, ಆದರೆ ಅದು ಬೇಗ ಖಾಲಿ.

ಅಕ್ಕ ಮಸಾಲೆ ಹುರಿಯುವಾಗ ಯಾರೂ ಮಾತಾಡಿಸುವಂತಿರಲಿಲ್ಲ. ದಪ್ಪ ಕಬ್ಬಿಣದ ಬಾಣಲೆ, ಸಣ್ಣ ಉರಿ, ಒಂದು ತೊಟ್ಟೂ ಎಣ್ಣೆ ಇಲ್ಲ. ಕೊತ್ತಂಬರಿ ಬೀಜ ಒಂದು ಹಿಡಿ. ಕಾಳುಮೆಣಸು ಅದರ ಅರ್ಧಕ್ಕಿಂತ ಜಾಸ್ತಿ, ಮನೆಯಲ್ಲೇ ಬೆಳೆಯುವಾಗ ಜಿಪುಣತನ ಯಾಕೆ? ಜೀರಿಗೆ ಸ್ವಲ್ಪ, ಸಾಸಿವೆ ಅದಕ್ಕಿಂತ ಕಡಿಮೆ, ಮೆಂತ್ಯ ನಾಲ್ಕು ಕಾಳು. ಎಲ್ಲವನ್ನೂ ಒಟ್ಟಿಗೆ ಸುರಿಯುವವರ ಕೈಗೆ ಬಾಣಲೆ ಕೊಡಬಾರದು. ಕೊತ್ತಂಬರಿ ಕಂದು ಆಗುವ ಹೊತ್ತಿಗೆ ಮೆಂತ್ಯ ಕರಕಲಾಗಿ ಇಡೀ ಪಾತ್ರೆ ಕಹಿಯಾಗುತ್ತದೆ. ಮೊದಲು ಕೊತ್ತಂಬರಿ. ಅದು ಬಿಸಿಯಾಗಿ ಹಗುರವಾಗಿ ಸದ್ದು ಮಾಡಲು ಶುರು ಮಾಡಿದಾಗ ಕಾಳುಮೆಣಸು. ಆಮೇಲೆ ಜೀರಿಗೆ, ಸಾಸಿವೆ. ಸಾಸಿವೆ ಚಟಪಟ ಅಂದ ಮೇಲೆ ಕೊನೆಗೆ ಮೆಂತ್ಯ.

ಒಳ್ಳೆಯ ಪರಿಮಳ ಬಂತು ಅಂತ ಇಲ್ಲಿ ಎಲ್ಲರೂ ಇಳಿಸಿಬಿಡುತ್ತಾರೆ. ಅಯ್ಯೋ, ಅದು ಸಾರಿನ ಪುಡಿಗಾಯಿತು! ಪಂದಿ ಕರಿಗೆ ಇನ್ನೂ ಮುಂದೆ ಹೋಗಬೇಕು. ಕೈ ನಿಲ್ಲಿಸದೆ ಆಡಿಸುತ್ತಿರಿ. ತೆಳ್ಳನೆ ನೀಲಿ ಹೊಗೆ ಏಳುತ್ತದೆ, ಪರಿಮಳ ಗಡುಸಾಗುತ್ತದೆ, ಕೊತ್ತಂಬರಿ ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗುತ್ತದೆ. ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ. ಪುಡಿಪುಡಿಯಾಗಬೇಕು, ಒಳಗೂ ಕಪ್ಪು ಕಂದು ಇರಬೇಕು, ನಾಲಿಗೆಗಿಟ್ಟರೆ ಸುಟ್ಟ ಕಹಿ ಇರಬಾರದು. ಇನ್ನೊಂದು ಚೂರು ಹುರಿಯೋಣ ಅನ್ನಿಸುವಾಗಲೇ ಮೊರಕ್ಕೆ ಸುರಿದುಬಿಡಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಕಬ್ಬಿಣದ ಬಿಸಿಗೆ ಕರಕಲಾಗುತ್ತದೆ. ಅಕ್ಕ ಮೊರವನ್ನು ಬಾಗಿಲ ಗಾಳಿಗೆ ಹಿಡಿದು ಕೈಯಾಡಿಸುತ್ತಿದ್ದರು. ಪೂರಾ ಆರಿದ ಮೇಲೆಯೇ ಪುಡಿ ಮಾಡಬೇಕು, ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ ಆವಿ ಕಟ್ಟಿ ಮುದ್ದೆಯಾಗುತ್ತದೆ. ನುಣ್ಣಗೆ ಬೇಡ, ಬೆರಳಿಗೆ ಸ್ವಲ್ಪ ತರಿ ಸಿಗಬೇಕು.

ಹಾಂ, ಮಳೆಗಾಲದಲ್ಲಿ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರೆ ಹುರಿಯುವ ಮೊದಲು ತೆಗೆದಿಡಿ. ಇಲ್ಲದಿದ್ದರೆ ಮಕ್ಕಳ ಸ್ವೆಟರ್ ವಾರವಿಡೀ ಮಸಾಲೆ ವಾಸನೆ ಹೊಡೆಯುತ್ತದೆ.  ಇದನ್ನೂ ಹೇಳಿಕೊಡಬೇಕು ಈ ಕಾಲದವರಿಗೆ.

ಮಾಂಸದ ವಿಷಯ ಜಾಸ್ತಿ ಏನಿಲ್ಲ. ಚರ್ಮ, ಕೊಬ್ಬು ಎಲ್ಲ ಇರುವುದನ್ನೇ ತನ್ನಿ. ಕೊಬ್ಬು ತೆಗೆಸಿ ತಂದು ಆಮೇಲೆ ಎಣ್ಣೆ ಹಾಕುವವರ ಬುದ್ಧಿಗೆ ಏನು ಹೇಳುವುದು? ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಜಜ್ಜಿ, ಅರಿಶಿನ, ಉಪ್ಪು ಸೇರಿಸಿ ಬೇಯಲು ಇಡಿ. ಅದರ ನೀರು ಅದೇ ಬಿಡುತ್ತದೆ. ಮುಕ್ಕಾಲು ಬೆಂದ ಮೇಲೆ ಕಪ್ಪು ಪುಡಿ. ಕಾಚಂಪುಳಿ ಕೊನೆಯಲ್ಲಿ, ಮಾಂಸ ಮೆತ್ತಗಾದ ಮೇಲೆ.  ಒಂದು ಚಮಚ ಹಾಕಿ, ಕುದಿಸಿ, ರುಚಿ ನೋಡಿ, ಬೇಕಿದ್ದರೆ ಇನ್ನಷ್ಟು. ಹಣ್ಣಿನ ರಸವನ್ನು ಗಟ್ಟಿಯಾಗುವವರೆಗೆ ಕುದಿಸಿ ಮಾಡಿದ್ದು ಅದು, ನೀರಿನ ಹಾಗೆ ಬಗ್ಗಿಸುವುದಲ್ಲ. ನೀರು ನೀರಾಗಿದ್ದರೆ ಅದು ಕಾಚಂಪುಳಿಯೇ ಅಲ್ಲ, ಅಂಗಡಿಗೆ ವಾಪಸ್ ಕೊಡಿ. ಗಾಜಿನ ಬಾಟಲಿಯಲ್ಲಿಡಿ, ವರ್ಷಗಟ್ಟಲೆ ಇರುತ್ತದೆ.

ಮಾಡಿದ ಕೂಡಲೇ ಬಡಿಸಬೇಡಿ. ಅಕ್ಕ ಸಂತೆ ದಿನದ ಕರಿಯನ್ನು ಗುರುವಾರ ರಾತ್ರಿಯೇ ಮಾಡಿಡುತ್ತಿದ್ದರು. ಬೆಳಿಗ್ಗೆ ಒಂದು ಕುದಿ ಬರಿಸಿ ಕಡಂಬುಟ್ಟಿಗೆ ಅಕ್ಕಿ ತರಿ ಬೇಯಿಸಲು ಕೂತರೆ ಸರಿಹೋಗುತ್ತದೆ. ಉಂಡೆ ಮಾತ್ರ ಬಿಸಿ ಇರುವಾಗಲೇ, ಕೈಗೆ ನೀರು ಮುಟ್ಟಿಸಿಕೊಂಡು ಕಟ್ಟಬೇಕು. ಕೈ ಸುಡುತ್ತೆ ಅಂತ ಚಮಚ ಹುಡುಕಬೇಡಿ.