ಊರಿನ ಶಾಲೆಗೆ ಡಾಲರ್ ಕಳಿಸುವ ಮೊದಲು ನಿಮ್ಮ ಪಾಸ್‌ಪೋರ್ಟ್ ನೋಡಿಕೊಳ್ಳಿ

ಧಾರವಾಡ, ಗದಗ, ಹಾವೇರಿ ಕಡೆಯಿಂದ ಅಮೆರಿಕಕ್ಕೆ ಬಂದವರಿಗೆ ಕೈಯಲ್ಲಿ ನಾಲ್ಕು ಕಾಸು ಉಳಿದ ಕೂಡಲೇ ಊರಿನ ಶಾಲೆ ನೆನಪಾಗುತ್ತದೆ. ಒಳ್ಳೆಯದೇ. ಹಣ ಕಳಿಸುವುದು ಎಲ್ಲರಿಗೂ ಗೊತ್ತು. ತಾಪತ್ರಯ ಇರುವುದು ಕೊಡುವವರ ಪೌರತ್ವದಲ್ಲಿ.

ಭಾರತದ ಪಾಸ್‌ಪೋರ್ಟ್ ಇರುವವರೆಗೆ, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತಗೊಂಡಿರೋ, ಅದೇ ಹಣ ವಿದೇಶಿ. ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಓಸಿಐ ಕಾರ್ಡ್ ಇದ್ದರೂ ಅಷ್ಟೇ, ಊರಿಗೆ ಹೋಗಿ ರೂಪಾಯಿಯಲ್ಲಿ ಕೊಟ್ಟರೂ ಅಷ್ಟೇ. ಆಗ ಶಾಲೆ ನಡೆಸುವ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲವೇ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿ ಆದಮೇಲೆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ನೋಂದಣಿ ಇರುವ ಬೇರೆ ಸಂಸ್ಥೆಗೆ ಕೊಟ್ಟು ಅಲ್ಲಿಂದ ದಾಟಿಸುವ ದಾರಿಯೂ ಈಗ ಬಂದ್.

ಅಮೆರಿಕದ ಪೌರತ್ವ ತಗೊಂಡ ರೋಣದ ಕಡೆಯ ಗೆಳೆಯರೊಬ್ಬರು ಶಾಲೆಯ ಕೋಣೆಗೆಂದು ಎನ್‌ಆರ್‌ಒ ಖಾತೆಯಿಂದ, ಅಂದರೆ ಹೊರದೇಶದಲ್ಲಿರುವವರು ಭಾರತದಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆಯಿಂದ, ಕೊಟ್ಟರು. "ರೂಪಾಯಿನ ಅಲ್ಲೇನ್ರೀ" ಅಂತ ಅಲ್ಲಿಯವರು ರಸೀದಿ ಹರಿದರು. ಲೆಕ್ಕ ನೋಡಲು ಬಂದ ಸಿಎ ಪಾಸ್‌ಪೋರ್ಟ್ ಪ್ರತಿ ಕೇಳಿದರು. ಗೋಡೆ ಲಿಂಟಲ್ ಮಟ್ಟಕ್ಕೇ ನಿಂತಿತು. ಕಾನೂನಿಗೆ ಉತ್ತರ ಕೊಡಬೇಕಾದದ್ದು ದಾನಿಯಷ್ಟೇ ಅಲ್ಲ, ಪಾಪ, ಶಾಲೆಯೂ.

ಇನ್ನು ಇಲ್ಲಿನ ತೆರಿಗೆ. ಭಾರತದ ಶಾಲೆಗೆ ನೇರ ಕೊಟ್ಟದ್ದನ್ನು ಇಲ್ಲಿನ ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ಅಮೆರಿಕದ ತೆರಿಗೆ ಕಾನೂನಿನಲ್ಲಿ ಧರ್ಮಾರ್ಥ ಸಂಸ್ಥೆ ಅಂತ 501ಸಿ3 ಮಾನ್ಯತೆ ಪಡೆದ ಸಂಸ್ಥೆಯೇ ಆಗಬೇಕು. 250 ಡಾಲರ್ ಮುಟ್ಟಿದರೆ ಬರಹದ ರಸೀದಿ ಕೇಳಿ. ಅವು ತೆರಿಗೆ ಇಲಾಖೆಗೆ ಕೊಡುವ ವರ್ಷದ ಲೆಕ್ಕಪತ್ರ ಫಾರ್ಮ್ 990 ಯಾರು ಬೇಕಾದರೂ ಓದಬಹುದು, ಮುಖ್ಯಸ್ಥರ ಸಂಬಳ ಸಹಿತ. ನಮ್ಮಲ್ಲಿ ಕಾಣುವುದು ಗೋಡೆಯ ಮೇಲಿನ ದಾನಿಗಳ ಹೆಸರಿನ ಕಲ್ಲು ಮಾತ್ರ. ಈ ವಿಷಯದಲ್ಲಿ ಅಮೆರಿಕವೇ ವಾಸಿ.

ಹಾಗಂತ ಇಲ್ಲಿನ ದಾನವೆಲ್ಲ ಚಿನ್ನವಲ್ಲ. 1912ರಿಂದ 1932ರವರೆಗೆ ಉದ್ಯಮಿ ಜೂಲಿಯಸ್ ರೋಸನ್‌ವಾಲ್ಡ್ ನೆರವಿನಿಂದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಸುಮಾರು 5,000 ಶಾಲೆಗಳು ಎದ್ದವು. ಶರತ್ತು ಏನೆಂದರೆ ಊರವರೂ ಪಾಲು ಹಾಕಬೇಕು. ನಮ್ಮೂರಲ್ಲಿ ಪಟ್ಟಿ ಎತ್ತಿದ ಹಾಗೇ ಅವರು ದುಡ್ಡು, ಜಾಗ, ಮೈದುಡಿಮೆ ಕೊಟ್ಟರು. ಆದರೆ ಆ ಜನ ತೆರಿಗೆಯನ್ನೂ ಕಟ್ಟುತ್ತಿದ್ದರು! ಒಂದೇ ಶಾಲೆಗೆ ಎರಡು ಸಲ ದಂಡ.

"ಇಲ್ಲಿಯವರಿಗೆ ನಾವ್ಯಾಕೆ ಕೊಡಬೇಕು" ಅನ್ನುವವರು ಜಾಸ್ತಿ. ಕಪ್ಪು ಜನರ ಹೋರಾಟದಿಂದ 1964ರ ನಾಗರಿಕ ಹಕ್ಕು ಕಾಯ್ದೆ ಬಂತು. ಅದೇ ಗಾಳಿಯಲ್ಲಿ 1965ರ ವಲಸೆ ಕಾಯ್ದೆಯೂ ಬಂದು ನಮ್ಮಂಥವರಿಗೆ ಬಾಗಿಲು ತೆರೆಯಿತು. ಕಪ್ಪು ವಿದ್ಯಾರ್ಥಿಗಳ ಕಾಲೇಜು ಓದಿಗೆ ನೆರವಾಗಲು 1944ರಲ್ಲಿ ಶುರುವಾದ ಯುಎನ್‌ಸಿಎಫ್ (ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್) ಸಂಸ್ಥೆಗೆ ಒಂದು ಪಾಲು ಕೊಡಿ. ಅಷ್ಟೇ ಹಣ ಕಂಪನಿಯೂ ಸೇರಿಸುತ್ತದಾ ಅಂತ ಎಚ್‌ಆರ್‌ನಲ್ಲಿ ವಿಚಾರಿಸಿ.

ಪೌರತ್ವಕ್ಕೆ ಅರ್ಜಿ ಹಾಕಿದವರು ಊರಿನ ಶಾಲೆಗೆ ಮಾತು ಕೊಟ್ಟಿದ್ದರೆ, ಪ್ರಮಾಣವಚನಕ್ಕೆ ಮುಂಚೆಯೇ ಹಣ ಮುಟ್ಟಿಸಿಬಿಡಿ.