ಕವಳಿ ಮಟ್ಟಿಯೊಳಗೆ ಹೊನ್ನೆ: ಸೊಪ್ಪಿನ ಬೆಟ್ಟದಲ್ಲಿ ನನ್ನ ಅನುಭವ

ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ನಮ್ಮ ಸೊಪ್ಪಿನ ಬೆಟ್ಟದ ನೆತ್ತಿಯಲ್ಲಿ ಹೊನ್ನೆ ಗಿಡಗಳು ಈಗ ಆಳೆತ್ತರ ದಾಟಿವೆ. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಆಗ ನಕ್ಕವರಿಗಾಗಿ. ಊರವರೆಲ್ಲ ಮಟ್ಟಿ (ಪೊದೆ) ಸವರಿ, ಜಾಗ ಬೋಳಿಸಿ, ಗುಂಡಿ ತೆಗೆದು ಗಿಡ ನೆಡುವಾಗ ನಾನು ಮುಳ್ಳಿನ ಕವಳಿ ಮಟ್ಟಿಯ ಒಳಗೇ ನೆಟ್ಟೆ. "ಏನು ಭಾವ, ಗಿಡಕ್ಕೆ ಯಾವ ತಪ್ಪಿಗೆ ಸೆರೆವಾಸ?" ಎಂದು ಕೇಳಿದವರೇ ಹೋದ ವರ್ಷ ಬಂದು, ಬುಡದಿಂದ ಎಷ್ಟು ದೂರ, ಯಾವ ಮಗ್ಗುಲು ಎಂದೆಲ್ಲ ವಿಚಾರಿಸಿಕೊಂಡು ಹೋದರು.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಬೆಟ್ಟದ ಪಾಡು ವಿವರಿಸಬೇಕಿಲ್ಲ. ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ಲೆಕ್ಕವೇನೋ ಕಾಗದದಲ್ಲಿದೆ. ನಮ್ಮ ಪಾಲಿನದರಲ್ಲಿ ಹೆಚ್ಚುಕಡಿಮೆ ಅರ್ಧ ಚಿರೇಕಲ್ಲಿನ (ಜಂಬಿಟ್ಟಿಗೆಯ) ಬೋಳು ನೆತ್ತಿ, ಉಳಿದದ್ದು ಇಳಿಜಾರು, ಕೊನೆಯಲ್ಲಿ ತೋಟಕ್ಕೆ ತಾಗಿದ ತಂಪು ತಗ್ಗು. ಅಜ್ಜನ ಕಾಲದ ಮತ್ತಿ, ಕಿಂದಳಗಳನ್ನು ವರ್ಷ ಬಿಡದೆ ಸೊಪ್ಪಿಗೆ ಕಡಿದು ಮೊಂಡು ಮಾಡಿದ್ದೆವು. ನೆರಳು ಹರಿದಲ್ಲೆಲ್ಲ ಯುಪಟೋರಿಯಂ ಕಳೆ ನುಗ್ಗಿತು. ಬೇಸಿಗೆಯಲ್ಲಿ ಅದು ಒಣಗಿ ನಿಂತಾಗ ಯಾರದೋ ಬೀಡಿಯ ತುಂಡು ಸಾಕು, ಇಡೀ ಗುಡ್ಡ ಹತ್ತಿ ಉರಿಯಲು.

ಮೊದಲು ಎಲ್ಲರಂತೆಯೇ ಮಾಡಿದ್ದು. ಸುಮಾರು ಎರಡು ಎಕರೆಯಲ್ಲಿ ಎರಡಡಿಯ ಗುಂಡಿ, ಕೊಟ್ಟಿಗೆ ಗೊಬ್ಬರ, ನಾನೂರರಷ್ಟು ಸಸಿ, ಸುತ್ತ ಮುಳ್ಳುತಂತಿ. ಆಳು, ತಂತಿ, ಸಾಗಾಟ ಎಲ್ಲ ಸೇರಿ 70,000 ರೂಪಾಯಿಯ ಹತ್ತಿರ ಕೈಬಿಟ್ಟಿತು. ಮಳೆಗಾಲದಲ್ಲಿ ಚಿರೇಕಲ್ಲಿನ ಗುಂಡಿಯಲ್ಲಿ ನೀರು ನಿಂತು ಒಂದಷ್ಟು ಬೇರು ಕೊಳೆತವು. ಉಳಿದವನ್ನು 2016ರ ಬರ ನೋಡಿಕೊಂಡಿತು. ತಂತಿಯ ಸಂದಿಯಲ್ಲಿ ತಲೆ ತೂರಿಸುವ ದನಗಳಿಗೆ ಹೊಸ ಚಿಗುರು ಎಲ್ಲಿದೆಯೆಂದು ಹೇಳಿಕೊಡಬೇಕಿಲ್ಲ. ಮೂರನೆಯ ವರ್ಷಕ್ಕೆ ಇಪ್ಪತ್ತು ಗಿಡ ಉಳಿದಿದ್ದರೆ ಹೆಚ್ಚು. ತಂತಿಯನ್ನು ಬಿಚ್ಚಿ ಬಾಳೆತೋಟಕ್ಕೆ ಕಟ್ಟಿದೆ. ಬಂದ ಲಾಭ ಅದೊಂದೇ.

ಮಟ್ಟಿ ಸವರಲು ಬಂದಿದ್ದ ಹೆಂಗಸೊಬ್ಬಳು ಒಂದು ಕವಳಿಯ ಮುಂದೆ ನಿಂತು, "ಇದರೊಳಗೆ ಮತ್ತಿ ಗಿಡ ಇದೆ, ಕಡಿಯಲೋ ಬಿಡಲೋ?" ಎಂದು ಕೇಳಿದ್ದರಿಂದ ಮುಂದಿನದೆಲ್ಲ ಶುರುವಾಯಿತು. ಯಾರೂ ನೆಡದ, ಯಾರೂ ನೀರು ಹಾಕದ ಮತ್ತಿ ಸೊಂಟದೆತ್ತರ ಬಂದಿತ್ತು. ಆಮೇಲೆ ಮಟ್ಟಿಯಿಂದ ಮಟ್ಟಿಗೆ ಬಗ್ಗಿ ನೋಡುತ್ತ ಹೋದೆ. ಒಂದರಲ್ಲಿ ನೇರಲು, ಇನ್ನೊಂದರಲ್ಲಿ ಕಿಂದಳ. ಕಾರೆ ಮುಳ್ಳಿನೊಳಗೂ ಅದೇ ಕಥೆ. ಮಾರ್ಚ್ ಕೊನೆಯ ಮಧ್ಯಾಹ್ನ ಮಟ್ಟಿಯ ಹೊರಗಿನ ನೆಲ ಕಾದ ಕಾವಲಿಯಾಗಿತ್ತು, ಬರಿಗಾಲು ಊರಲಾಗದು. ಒಳಗೆ ಕೈ ತೂರಿಸಿ ದರಕು (ಉದುರಿದ ಒಣ ಎಲೆ) ಸರಿಸಿದರೆ ಒಂದು ಗೇಣು ಕಪ್ಪು ಮಣ್ಣು, ಬೆರಳಿಗೆ ಹತ್ತುವಷ್ಟು ತೇವ, ಎರೆಹುಳದ ಹಿಕ್ಕೆ. ಕೈ ಹೊರಗೆ ತೆಗೆಯುವಷ್ಟರಲ್ಲಿ ಮೊಣಕೈವರೆಗೆ ಗೀರು. ದನ ಯಾಕೆ ಮೂತಿ ಹಾಕುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ನೆಡುವ ಕ್ರಮ ಸರಳ. ಎದೆಮಟ್ಟದ ಮಟ್ಟಿ ಆರಿಸಿಕೊಳ್ಳಬೇಕು, ತೀರಾ ದಟ್ಟವಾದದ್ದು ಬೇಡ. ಈಶಾನ್ಯದ ಮಗ್ಗುಲಲ್ಲಿ, ಬುಡದಿಂದ ಒಂದೂವರೆ ಅಡಿ ಬಿಟ್ಟು, ಹಾರೆಯಿಂದ ಸಸಿಯ ಮುದ್ದೆ ಹಿಡಿಯುವಷ್ಟೇ ತೂತು. ಸಂಜೆಯ ಬಿಸಿಲನ್ನು ಮಟ್ಟಿ ತಡೆಯುತ್ತದೆ, ಬೆಳಗಿನದು ಸಸಿಗೆ ಸಿಗುತ್ತದೆ. ಜೂನ್‌ನಲ್ಲಿ ಮಳೆ ಕೂತ ಮೇಲೆ ನೆಡಬೇಕು.

ಪರೀಕ್ಷೆಗೆ 2023 ಬಂತು. ಆಗಸ್ಟ್‌ನಲ್ಲಿ ಮಳೆಯೇ ಮುನಿಸಿಕೊಂಡ ವರ್ಷ, ರಾಜ್ಯವೇ ಬರ ಘೋಷಿಸಿತು. ಹೋಲಿಸಿ ನೋಡಲೆಂದೇ ಬಯಲಲ್ಲಿ ನೆಟ್ಟಿದ್ದ ಹೊನ್ನೆಗಳಲ್ಲಿ ಮರುವರ್ಷದ ಮೇ ತಿಂಗಳಿಗೆ ಬೆರಳೆಣಿಕೆಯಷ್ಟು ಉಳಿದವು. ಮಟ್ಟಿಯೊಳಗಿನವು ಮೂರರಲ್ಲಿ ಎರಡು ಪಾಲು ಬದುಕಿದವು. ಹೊನ್ನೆಯ ಎಳೆಗಿಡ ಬೇಸಿಗೆಯಲ್ಲಿ ಮೇಲಿನಿಂದ ಒಣಗಿ, ಮಳೆಗೆ ಬುಡದಿಂದ ಚಿಗುರುವುದು ಇದ್ದದ್ದೇ. ಒಣಗಿತೆಂದು ಕಿತ್ತು ಎಸೆಯಬೇಡಿ.

ಇಷ್ಟಾದ ಮೇಲೆ ತೋಟದಂಚಿನ ತಗ್ಗಿನಲ್ಲೂ ಅದೇ ರೀತಿ ನೆಟ್ಟೆ. ಅಲ್ಲಿ ಪೂರಾ ತಿರುಗುಬಾಣ. ನೀರಿನ ಪಸೆಯಿದೆ, ದಿನದ ಅರ್ಧ ಹೊತ್ತು ನೆರಳಿದೆ; ಅಂಥಲ್ಲಿ ಮಟ್ಟಿಯೂ ಸಸಿಯೂ ಬೆಳಕಿಗಾಗಿ ಕಚ್ಚಾಡಿದವು. ಸಸಿಗಳು ಕಡ್ಡಿಯಾಗಿ ಉದ್ದವಾದವು, ಎಲೆ ಹಳದಿಯಾಯಿತು, ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಪಕ್ಕದ ಬಯಲಿನವು ಅವನ್ನು ಹಿಂದೆ ಹಾಕಿ ಹೋದವು. ಮುರುಗಲು (ಕೋಕಂ) ಮಾತ್ರ ಎರಡೂ ಕಡೆ ತಲೆ ಕೆಡಿಸಿಕೊಳ್ಳಲಿಲ್ಲ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿದ ತಂಗಿಯ ಮಗಳು ಇದನ್ನು ನೋಡಿ, "ಮಾವ, ಇದನ್ನು 1994ರಲ್ಲೇ ಬರ್ಟ್‌ನೆಸ್ ಮತ್ತು ಕ್ಯಾಲವೇ ಎಂಬ ವಿಜ್ಞಾನಿಗಳು ಬರೆದಿದ್ದಾರೆ" ಎಂದಳು. ನೆಲ, ಹವೆ ಕಠಿಣವಾದಷ್ಟೂ ನೆರೆಗಿಡದ ನೆರವು ಹೆಚ್ಚು, ಹದವಾಗಿದ್ದಲ್ಲಿ ಪೈಪೋಟಿ ಹೆಚ್ಚು ಎಂದು ಅವರ ವಾದವಂತೆ. ಸ್ಪೇನಿನ ಸಿಯೆರಾ ನೆವಾಡ ಬೆಟ್ಟಗಳಲ್ಲಿ ಪೊದೆಯಡಿ ಸಸಿ ನೆಟ್ಟು ನೋಡಿದವರಿಗೂ ಪೊದೆಯ ಬೆಲೆ ಹೆಚ್ಚು ತಿಳಿದದ್ದು ಒಣ ವರ್ಷಗಳಲ್ಲಿ. ಇರಲಿ, ಅವರ ಬೆಟ್ಟದಲ್ಲಿ ನಮ್ಮಷ್ಟು ಮಳೆಯೂ ಇಲ್ಲ, ಕವಳಿಯೂ ಇಲ್ಲ.

ನೆತ್ತಿಯಲ್ಲೂ ಮಟ್ಟಿ ಕೊನೆಯವರೆಗೆ ಒಳ್ಳೆಯದಲ್ಲ. ಮೂರನೆಯ ವರ್ಷದ ಹೊತ್ತಿಗೆ ಹೊನ್ನೆಯ ತುದಿ ಮುಳ್ಳಿನ ಮೇಲೆ ಇಣುಕುತ್ತದೆ. ಆಗ ಗಿಡದ ಕಡೆಯ ಕೊಂಬೆಗಳನ್ನಷ್ಟೇ ಕತ್ತಿಯಲ್ಲಿ ಸವರಬೇಕು, ದನ ಬರುವ ದಿಕ್ಕಿನ ಮುಳ್ಳು ಹಾಗೇ ಇರಲಿ. ಇದನ್ನು ಬೇಸಿಗೆಯಲ್ಲಿ ಮಾಡಿದರೆ ನೆರಳಲ್ಲಿ ಬೆಳೆದ ಎಳೆ ಸಿಪ್ಪೆ ಬಿಸಿಲಿಗೆ ಸೀಳುತ್ತದೆ. ಮೋಡ ಕವಿದ ಜೂನ್ ಕೊನೆಯೇ ಸರಿ. ಸವರಿದ ಸೊಪ್ಪು ಬುಡಕ್ಕೇ. ಯುಪಟೋರಿಯಂ ಅನ್ನು ನಾನು ಕೀಳುವುದಿಲ್ಲ. ಕಿತ್ತರೆ ಮಣ್ಣು ಕದಡಿ ಹೊಸ ಸಸಿಗಳಿಗೆ ಜಾಗವಾಗುತ್ತದೆ. ಹೂವಿಗೆ ಮುಂಚೆ, ದೀಪಾವಳಿಯ ಆಸುಪಾಸಿನಲ್ಲಿ ಕೊಯ್ದು ಅಲ್ಲೇ ಹಾಸುತ್ತೇನೆ. ನೆರಳು ಕೂಡಿದಂತೆ ಅದು ತಾನಾಗಿ ಹಿಂದೆ ಸರಿಯುತ್ತಿದೆ.

ನಡುವೆ ಒಂದು ಹುಚ್ಚಿಗೆ ಬಯಲಲ್ಲಿ ಒಣ ಕೊಂಬೆಗಳನ್ನು ನೆಟ್ಟು ಹಕ್ಕಿ ಕೂರಲು ಬಿಟ್ಟೆ. ಪಿಕಳಾರ ಬಂತು, ಕೂತಿತು, ಬೀಜ ಹಾಕಿತು. ಮರುವರ್ಷ ಎರಡು ಕೊಂಬೆಗಳ ಕೆಳಗೆ ನೇರಲು ಹುಟ್ಟಿತು, ಉಳಿದವುಗಳ ಕೆಳಗೆ ಲಂಟಾನ! ಕೊಂಬೆಗಳು ಒಲೆಗೆ ಹೋದವು. 80ರ ದಶಕದಲ್ಲಿ ಅಪ್ಪ ಮಾಲ್ಕಿ (ಸ್ವಂತ ಹಕ್ಕಿನ) ಜಾಗದಲ್ಲಿ ಹಾಕಿದ್ದ ಅಕೇಶಿಯದ ಕೆಳಗೆ ಮಾಡಿದ ಪ್ರಯೋಗ ಅದಕ್ಕಿಂತ ವಾಸಿ. ಸಾಲು ಬಿಟ್ಟು ಸಾಲು ಕಡಿದು ಬೆಳಕು ಬಿಟ್ಟ ಮೇಲೆ ಅಲ್ಲಿ ಉಪ್ಪಾಗೆ ಚೆನ್ನಾಗಿ ಏಳುತ್ತಿದೆ. ಕಡಿಯದೆ ಬಿಟ್ಟ ತುಂಡಿನಲ್ಲಿ ಒಣಗಿದ ಎಲೆಯ ದಪ್ಪ ಹಾಸಿಗೆ ಬಿಟ್ಟರೆ ಏನೂ ಇಲ್ಲ.

ಖರ್ಚಿನ ಮಾತು. ಮೊದಲ ಸಲ ಬದುಕಿದ ಒಂದೊಂದು ಗಿಡಕ್ಕೆ ಮೂರು ಸಾವಿರಕ್ಕೂ ಮೇಲೆ ಬಿದ್ದಿತ್ತು. ಈಗ ಸಸಿ, ಆಳು, ಮೂರನೆಯ ವರ್ಷದ ಸವರುವ ಕೂಲಿ ಸೇರಿಸಿದರೂ ಬದುಕಿದ ಗಿಡಕ್ಕೆ ನೂರೈವತ್ತರ ಒಳಗೇ. ಗುಂಡಿಯಿಲ್ಲ, ತಂತಿಯಿಲ್ಲ, ನೀರು ಹೊರುವುದಿಲ್ಲ.

ಮಟ್ಟಿಯೇ ಇಲ್ಲದಷ್ಟು ಬೋಳಾದ ಬೆಟ್ಟದವರು ಮೊದಲು ಕವಳಿ ಎಬ್ಬಿಸಬೇಕು. ಮೇ ತಿಂಗಳಲ್ಲಿ ಪೂರಾ ಕಪ್ಪಾದ ಹಣ್ಣು ಕೊಯ್ದು, ತಿರುಳು ತೊಳೆದು, ಬೀಜವನ್ನು ಅದೇ ವಾರ ಬಿತ್ತಿ. ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಎಂದುಕೊಂಡರೆ ಒಂದೂ ಮೊಳೆಯುವುದಿಲ್ಲ.