ಮನೆಯ ಮಾತಿನಿಂದ ಐದು ನಿಮಿಷದ ಕಾಮಿಡಿ ಕಟ್ಟುವುದು ಹೇಗೆ

ಹೋದ ವರ್ಷ ಬೆಂಗಳೂರಿನಲ್ಲಿ ಒಂದು ಶೋ ಇತ್ತು. ವೇದಿಕೆ ಹತ್ತುವ ಮುಂಚೆ ಅದನ್ನು ನಡೆಸುವವರು ಬಂದು, "ಮೇಡಂ, ನಿಮ್ಮ ಹುಬ್ಳಿ ಭಾಷೆ ಸ್ವಲ್ಪ ಜಾಸ್ತಿ ಹಾಕಿ, ಜನ ಅದಕ್ಕೇ ನಗ್ತಾರೆ" ಅಂದರು. ಹಾಕಿದೆ. "ಏನ್ ಬೇ" ಅಂದ ಕೂಡಲೇ ಸಭೆ ಬಿದ್ದು ಬಿದ್ದು ನಕ್ಕಿತು. ಜೋಕು ಇನ್ನೂ ಶುರುವೇ ಆಗಿರಲಿಲ್ಲ. ರಾತ್ರಿ ರೈಲಿನಲ್ಲಿ ಕೂತಾಗ ನಮ್ಮವ್ವನ ಮಾತನ್ನು ಸಂತೆಯಲ್ಲಿ ಮಾರಿ ಬಂದಂತಾಗಿ ನಿದ್ದೆ ಹತ್ತಲಿಲ್ಲ.

ಆ ರಾತ್ರಿ ಫೋನಿನಲ್ಲಿ ಅಮೆರಿಕದ ಹಾಸ್ಯಗಾರ್ತಿ ಕ್ರಿಸ್ಟೆಲಾ ಅಲೊಂಜೊ ಅವರ ಶೋ ನೋಡಿದೆ. 1979ರಲ್ಲಿ ಟೆಕ್ಸಸ್‌ನ ಸಾನ್ ಹುವಾನ್‌ನಲ್ಲಿ ಹುಟ್ಟಿದವರು. ಮೆಕ್ಸಿಕೊದಿಂದ ಬಂದ ತಾಯಿ ಒಬ್ಬಳೇ ನಾಲ್ಕು ಮಕ್ಕಳನ್ನು ಸಾಕಿದಳು. ಕ್ರಿಸ್ಟೆಲಾ ಚಿಕ್ಕವರಿದ್ದಾಗ ಆ ಸಂಸಾರ ಇದ್ದದ್ದು ಯಾರೋ ಬಿಟ್ಟುಹೋದ, ಪಾಳುಬಿದ್ದ ಊಟದ ಹೋಟೆಲಿನಲ್ಲಿ. ತಾಯಿಯ ಆರೈಕೆಗೆಂದು ಊರಿಗೆ ಮರಳಿದವರು, ಆಕೆ ತೀರಿದ ಮೇಲೆ ಆ ದುಃಖದಲ್ಲೇ ಕಾಮಿಡಿಗೆ ಬಂದರು. 2014ರಲ್ಲಿ ಎಬಿಸಿ ಚಾನೆಲ್‌ನಲ್ಲಿ ತಮ್ಮದೇ ಹೆಸರಿನ ಹಾಸ್ಯ ಧಾರಾವಾಹಿ ಕಟ್ಟಿ, ನಿರ್ಮಿಸಿ, ತಾವೇ ನಟಿಸಿದರು. ಅಮೆರಿಕದ ದೊಡ್ಡ ಚಾನೆಲ್ಲೊಂದರಲ್ಲಿ ಹಾಗೆ ಮಾಡಿದ ಮೊದಲ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಹೆಣ್ಣುಮಗಳು, ಅವರೇ. ಅವರ ಶೋಗಳಲ್ಲಿ ಬಡತನ ಇದೆ, ತಾಯಿ ಇದ್ದಾಳೆ, ಸ್ಪ್ಯಾನಿಷ್ ಇದೆ. ಆದರೆ ನಗು ಬರುವುದು ತಾಯಿಯ ಬುದ್ಧಿಯಿಂದ. ಆಕೆಯ ಉಚ್ಚಾರಣೆ ಬರೀ ದಾರಿ.

ನಾನು ಹಗಲು ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ, ಸಂಜೆ ಕಾಮಿಡಿ ಮಾಡುತ್ತೇನೆ. ಅಲೊಂಜೊ ಅವರನ್ನು ನೋಡುತ್ತಾ ಕಲಿತದ್ದನ್ನು ನಮ್ಮ ಕಡೆಯ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಜೋಕು ಬರೆಯಬೇಡಿ, ಒಂದು ವಾರ ಮನೆಯವರ ಮಾತನ್ನಷ್ಟೇ ಬರೆಯಿರಿ, ಅವರು ಆಡಿದ ಹಾಗೇ. ನನ್ನ ಮೊದಲ ಪುಟದಲ್ಲಿದ್ದ ಶಬ್ದ "ಪಗಾರ". "ಪಗಾರ ಆತೇನ?" ಅಂತ ಅವ್ವ ತಿಂಗಳಿಗೊಮ್ಮೆ ಕೇಳುವುದು. ಈ ಶಬ್ದ ಪೋರ್ಚುಗೀಸರಿಂದ ಮರಾಠಿಗೆ, ಮರಾಠಿಯಿಂದ ನಮಗೆ ಬಂದದ್ದು. ಸ್ಪ್ಯಾನಿಷ್‌ನಲ್ಲೂ "ಪಗಾರ್" ಅಂದರೆ ಹಣ ಕೊಡುವುದು. ಸಾನ್ ಹುವಾನ್‌ನ ಮನೆಗಳಲ್ಲಿ ಆಡುವ ಶಬ್ದವೇ ಉಣಕಲ್ಲಿನ ನಮ್ಮ ಅಡಿಗಿಮನಿಯಲ್ಲಿ ಓಡಾಡುತ್ತಿದೆ ಅಂತ ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಯಿತು! ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರೂ ಮೆಕ್ಸಿಕೊ ಕಡೆಯವರೇ. ಸಾನ್ ಹುವಾನ್ ಇರುವ ನದಿದಂಡೆ 1848ರವರೆಗೆ ಮೆಕ್ಸಿಕೊ ತನ್ನದೆನ್ನುತ್ತಿದ್ದ ನೆಲ. ನಮ್ಮ ಧಾರವಾಡ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಗಡಿ ಸರಿದರೂ ಮಾತು ಬಾಯಲ್ಲೇ ಉಳಿಯಿತು. ಅದಕ್ಕೇ "ಪಗಾರ" ತಪ್ಪು ಕನ್ನಡ ಅಂತ ಯಾರಾದರೂ ತಿದ್ದಲು ಬಂದರೆ ಬಗ್ಗಬೇಡಿ.

ಆಮೇಲೆ ಒಂದೇ ಮನೆ ಹಿಡಿಯಿರಿ. ಲ್ಯಾಟಿನೊ ಅಂದರೆ ಒಂದು ಊರಲ್ಲ. ಮೆಕ್ಸಿಕೊ, ಕ್ಯೂಬಾ, ಪೋರ್ಟೊ ರಿಕೊ ಎಲ್ಲ ಸೇರಿ ಅಮೆರಿಕದಲ್ಲಿ 2020ರ ಗಣತಿಗೆ ಸುಮಾರು 6.2 ಕೋಟಿ ಜನ. ಅಲೊಂಜೊ ಅಷ್ಟೂ ಜನರ ಪರವಾಗಿ ಮಾತಾಡಲು ಹೋಗುವುದಿಲ್ಲ, ತಮ್ಮ ಮನೆ ಹೇಳುತ್ತಾರೆ. ನಮ್ಮಲ್ಲೂ ಬೀದರಿನ ಮಾತು ಬೇರೆ, ಹಾವೇರಿಯದು ಬೇರೆ. "ನಮ್ಮ ಉತ್ತರ ಕರ್ನಾಟಕದ ತಾಯಂದಿರು ಹೆಂಗಂದ್ರ..." ಅಂತ ಶುರು ಮಾಡಿದ್ದ ನನ್ನ ಮೂರು ಪುಟಗಳಿಗೆ ಧಾರವಾಡದ ಒಂದು ಕಾಲೇಜಿನಲ್ಲಿ ಒಬ್ಬರೂ ನಗಲಿಲ್ಲ. ಅದನ್ನೆಲ್ಲ ಹೊಡೆದುಹಾಕಿ ಹುಬ್ಬಳ್ಳಿ ಸ್ಟೇಶನ್ನಿನ ಒಂದು ರಾತ್ರಿ ಇಟ್ಟುಕೊಂಡೆ.

ಅವ್ವ ನನ್ನನ್ನು ರೈಲು ಹತ್ತಿಸಲು ಬಂದಿದ್ದಾಳೆ. ಕೈಯಲ್ಲಿ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು. ಎದುರು ಸೀಟಿನ ಹುಡುಗನಿಗೆ ಹೇಳುತ್ತಾಳೆ: "ತಮ್ಮಾ, ಈಕೀದೇನ ಚಿಂತಿಲ್ಲ, ಈ ಗಂಟ ಒಂದೀಟ ನೋಡ್ಕೋ. ಈಕಿಗೆ ಕಾಲ ಅದಾವು, ಇಳದ ಹೊಕ್ಕಾಳ. ಮುರದ್ರ ಯಾರ ಕೂಡಸ್ತಾರ, ರೊಟ್ಟೀನ?"

ಇದನ್ನು ಮೊದಲು "ರೊಟ್ಟಿ ಮುರದ್ರ ಯಾರ ಕೂಡಸ್ತಾರ" ಅಂತ ಬರೆದಿದ್ದೆ. ಜನ ಮುಗುಳ್ನಕ್ಕರು, ಅಷ್ಟೇ. ಬರೆಯುವ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ನಗುವಿನ ಶಬ್ದವನ್ನು ನಡುವೆ ಹುದುಗಿಸಿಬಿಡುತ್ತದೆ. ಆಡುಮಾತಿಗೆ ಆ ಕಟ್ಟಿಲ್ಲ, ಬೇಕಾದ ಶಬ್ದವನ್ನು ಹಿಂದಕ್ಕೆ ತಳ್ಳಬಹುದು. ಗಂಟಿನಲ್ಲಿ ಬಂಗಾರವಿದೆಯೋ ಏನೋ ಅಂತ ಸಭೆ ಕಾಯುತ್ತಿರುತ್ತದೆ. "ರೊಟ್ಟೀನ" ಅನ್ನುವುದು ಕಟ್ಟಕಡೆಗೆ ಬಿದ್ದಾಗ ಗೊಳ್ಳನೆ ನಗು. ನಿಮ್ಮ ಪ್ರತಿ ಜೋಕಿನಲ್ಲೂ ಗುಟ್ಟು ಬಿಡುವ ಶಬ್ದಕ್ಕೆ ಗೆರೆ ಎಳೆದು ಕೊನೆಗೆ ಒಯ್ಯಿರಿ. ಅದಾದ ಮೇಲೆ ಒಂದು ಅಕ್ಷರವನ್ನೂ ಸೇರಿಸಬೇಡಿ.

ಹೊರಗಿನವರಿಗೆ ತಿಳಿಯದ ಶಬ್ದವಿದ್ದರೆ ಜೋಕು ನಿಲ್ಲಿಸಿ ಅರ್ಥ ಹೇಳಬೇಡಿ. "ಪಗಾರ ಆತೇನ? ಹಂಗಾರ ರೊಕ್ಕ ಕಳಸ" ಅಂದರೆ ಮೈಸೂರಿನವರಿಗೂ ತಿಳಿಯುತ್ತದೆ.

ಇನ್ನು ನಗುವನ್ನು ಜೋಕಿಗಿಂತ ಹೆಚ್ಚು ಗಮನವಿಟ್ಟು ಕೇಳಬೇಕು. ಪ್ರತಿ ಸಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮರುದಿನ ಧಾರವಾಡಕ್ಕೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಕೂತು ಕೇಳಿ. ನಗು "ಬೇ" ಅನ್ನುವಲ್ಲಿ ಬಂತೋ, ಅವ್ವನ ಮಾತಿನ ತುದಿಯಲ್ಲಿ ಬಂತೋ? "ಬೇ"ಗೆ ಬಂದಿದ್ದರೆ ಅವರು ನಕ್ಕದ್ದು ನಮ್ಮನ್ನು ನೋಡಿ. ಆ ಸಾಲು ಎಷ್ಟೇ ಚಪ್ಪಾಳೆ ತಂದಿರಲಿ, ಕಿತ್ತುಹಾಕಿ. ಬೆಂಗಳೂರಿನ ಆ ಶೋದಿಂದ ನಾನು ಕಿತ್ತದ್ದು ನಾಲ್ಕು ಸಾಲು. ಹೊಟ್ಟೆ ಉರಿಯಿತು, ಆದರೂ ಕಿತ್ತೆ.

ಗಣಪತಿ ಪೆಂಡಾಲು, ಮಹಿಳಾ ಮಂಡಳ, ಕಾಲೇಜು, ಎಲ್ಲಿ ಮೈಕು ಸಿಕ್ಕರೂ ಹೋಗಿ. ಆದರೆ ಅದಕ್ಕೂ ಮೊದಲು, ಜೋಕು ಯಾರದೋ ಅವರ ಮುಂದೆಯೇ ಒಮ್ಮೆ ಹೇಳಿ. ನಾನು ಅವ್ವ ರೊಟ್ಟಿ ತಟ್ಟುತ್ತಿದ್ದಾಗ ಒಲೆಯ ಪಕ್ಕ ಕೂತು ಪೂರ್ತಿ ಹೇಳಿದೆ, ಗಂಟಿನಲ್ಲಿ ಇಪ್ಪತ್ತೈದು ರೊಟ್ಟಿ ಇದ್ದವು ಅನ್ನುವ ಸಾಲೂ ಸೇರಿಸಿ. ಅವ್ವ ತಟ್ಟುವುದು ನಿಲ್ಲಿಸಲಿಲ್ಲ. ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ಮಗುಚಿ ಹಾಕಿ, "ಇಪ್ಪತ್ತೈದಲ್ಲ, ಮೂವತ್ತಿದ್ದೂವು" ಅಂದಳು. ಈಗ ಎಲ್ಲಿ ಹೋದರೂ ಮೂವತ್ತೇ ಹೇಳುತ್ತೇನೆ.